ಸ್ಟ್ರಾಂಗ್ ರೂಮಿಗೂ ಬಾಡಿಗೆದಾರರು ಸಿಕ್ಕರು

ಬ್ಯಾಂಕಿನವರು ನಮ್ಮ ಕಟ್ಟಡ ಖಾಲಿ ಮಾಡಿದಾಗ, ಹಣ ಇಡುತ್ತಿದ್ದ ಸ್ಟ್ರಾಂಗ್ ರೂಮಿನ ಕಬ್ಬಿಣದ ಬಾಗಿಲನ್ನು ಬಿಚ್ಚಿಕೊಂಡು ಹೋದರು. ಬಾಗಿಲು ಅವರದ್ದು, ಸರಿ. ಗೋಡೆ ಮಾತ್ರ ನನಗೆ ಬಿಟ್ಟರು. ಒಂದು ಅಡಿ ದಪ್ಪದ ಕಾಂಕ್ರೀಟು, ಒಂದೂ ಕಿಟಕಿ ಇಲ್ಲ, ಬಾಗಿಲಿದ್ದ ಕಡೆ ದೊಡ್ಡ ತೂತು.

ಚಿಕ್ಕಮಗಳೂರಿನ ಐ.ಜಿ. ರಸ್ತೆಯಿಂದ ಒಳಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿ ಅಪ್ಪ ಕಟ್ಟಿಸಿದ ಕಟ್ಟಡ ಇದೆ. ಕೆಳಗೆ ನಾಲ್ಕು ಅಂಗಡಿ, ಮೇಲೆ 2,400 ಚದರ ಅಡಿಯ ಒಂದೇ ಹಾಲ್. ಹತ್ತೊಂಬತ್ತು ವರ್ಷ ಆ ಹಾಲಿನಲ್ಲಿ ಬ್ಯಾಂಕ್ ಇತ್ತು. 2020ರ ಏಪ್ರಿಲ್ 1ರಂದು ಹತ್ತು ಸರ್ಕಾರಿ ಬ್ಯಾಂಕುಗಳು ಸೇರಿ ನಾಲ್ಕಾದವಲ್ಲ, ಆಮೇಲೆ ನಮ್ಮ ಬೀದಿಯ ಸುತ್ತ ಒಂದೇ ಬ್ಯಾಂಕಿಗೆ ಎರಡು ಶಾಖೆ ಆಯಿತು. 2023ರ ಜನವರಿಯಲ್ಲಿ ಕರಾರು ಮುಗಿಯಿತು, ನಮ್ಮ ಶಾಖೆ ಮುಚ್ಚಿತು. ಹೋಗುವಾಗ ಗೋಡೆ ಒಡೆದು ಮೊದಲಿನ ಹಾಗೆ ಮಾಡಿಕೊಡಬೇಕು ಅಂತ ಅಪ್ಪ ಕರಾರಿನಲ್ಲಿ ಬರೆಸಿರಲಿಲ್ಲ. ನವೀಕರಣ ಮಾಡುವಾಗ ನಾನೂ ಓದಿ ನೋಡಿರಲಿಲ್ಲ. ತಿಂಗಳಿಗೆ 52,800 ರೂಪಾಯಿ ತಪ್ಪದೆ ಅಕೌಂಟಿಗೆ ಬೀಳ್ತಾ ಇದ್ದರೆ ಕರಾರು ಯಾರು ಓದ್ತಾರೆ, ಹೇಳಿ.

ಹೋದ ಬ್ಯಾಂಕಿನ ಜಾಗಕ್ಕೆ ಇನ್ನೊಂದು ಬ್ಯಾಂಕೇ ಬರಬೇಕು ಅಂತ ಕೂತೆ. ಟು ಲೆಟ್ ಅಂತ ಫ್ಲೆಕ್ಸ್ ಹಾಕಿದೆ. ಇಬ್ಬರು ಬ್ರೋಕರುಗಳಿಗೆ ಹೇಳಿದೆ. ಬಂದವರೆಲ್ಲ ಹಾಲ್ ಮೆಚ್ಚಿಕೊಳ್ಳುತ್ತಿದ್ದರು, ಸ್ಟ್ರಾಂಗ್ ರೂಮ್ ನೋಡಿದ ತಕ್ಷಣ "ಇದನ್ನ ಒಡೆಸಿ ಕೊಡ್ತೀರಲ್ವಾ ಸಾರ್?" ಅನ್ನುತ್ತಿದ್ದರು. ಒಡೆಯಬಹುದು, ಆದರೆ ಬ್ರೇಕರ್ ಮಷೀನು ಹಾಕಿದರೆ ಕೆಳಗಿನ ಅಂಗಡಿಗಳ ಸೀಲಿಂಗ್ ಬಿರುಕು ಬಿಟ್ಟೀತು ಅಂದರು ಎಂಜಿನಿಯರ್. ಅಷ್ಟರಲ್ಲಿ ಮೆಸ್ಕಾಂ ಕರೆಂಟ್ ಬಿಲ್ ಸುಮ್ನೆ ಬರ್ತಾನೇ ಇತ್ತು. ಬ್ಯಾಂಕಿನ ಎ.ಸಿ.ಗಳಿಗೆ ಅಂತ ತಗೊಂಡಿದ್ದ ದೊಡ್ಡ ಲೋಡ್ ಕಡಿಮೆ ಮಾಡಿಸಬೇಕು ಅನ್ನುವುದು ನನಗೆ ಹೊಳೆದಿದ್ದೇ ಎಂಟು ತಿಂಗಳಾದ ಮೇಲೆ. ಅಷ್ಟೂ ದಿನ ಖಾಲಿ ಹಾಲಿಗೆ ಆ ಲೋಡಿನ ಲೆಕ್ಕದಲ್ಲಿ ಫಿಕ್ಸೆಡ್ ಚಾರ್ಜ್ ಕಟ್ಟಿದ್ದೇನೆ.

ಗಾಬರಿಯಲ್ಲಿ ಮಾಡಿದ ಇನ್ನೊಂದು ತಪ್ಪು ಜಿಮ್. ಹುಡುಗ ಒಳ್ಳೆಯವನು, ಬಾಡಿಗೆ ಸರಿಯಾಗಿ ಕೊಟ್ಟ. ಆದರೆ ಮೇಲೆ ಯಾರಾದರೂ ಡಂಬೆಲ್ ಕೆಳಗಿಟ್ಟರೆ ಸಾಕು, ಕೆಳಗಿನ ಬಳೆ ಅಂಗಡಿಯ ಗಾಜಿನ ಕಪಾಟು ಗಲಗಲ ಅನ್ನುತ್ತಿತ್ತು. ಆ ಅಕ್ಕ ಒಂದು ಸಂಜೆ ಫೋನ್ ಮಾಡಿ, "ಅಣ್ಣ, ಒಂದ್ಸಲ ಬಂದು ನೋಡಿ. ನನ್ನ ಬಳೆ ತಾವಾಗೇ ಕುಣೀತಾವೆ" ಅಂದರು. ಹೋಗಿ ನಿಂತು ಕೇಳಿದೆ. ನಿಜವಾಗಲೂ ಕುಣಿಯುತ್ತಿದ್ದವು. ಅವರು ಅಪ್ಪನ ಕಾಲದಿಂದ ಇರುವವರು. ಜಿಮ್ ಐದೇ ತಿಂಗಳಿಗೆ ಖಾಲಿ ಮಾಡಿಸಿದೆ, ಹುಡುಗನಿಗೆ ಅಡ್ವಾನ್ಸ್ ಪೂರ್ತಿ ವಾಪಸ್ ಕೊಟ್ಟೆ. ಮೇಲಿನ ಬಾಡಿಗೆಯ ಆಸೆಗೆ ಕೆಳಗಿನವರನ್ನು ಕಳೆದುಕೊಳ್ಳುತ್ತಿದ್ದೆ.

ದಾರಿ ತೋರಿಸಿದ್ದು ಕೆಳಗಿನ ಸ್ಟೇಷನರಿ ಅಂಗಡಿ ಶೆಟ್ರು. ಬಾಡಿಗೆ ಚದರ ಅಡಿಗೆ 30 ರೂಪಾಯಿಯಿಂದ 25ಕ್ಕೆ ಇಳಿಸಿದೆ, ಆದರೂ ಯಾರೂ ಬರ್ತಿಲ್ಲ ಅಂತ ಗೋಳು ಹೇಳಿಕೊಂಡೆ. ಅವರು ಬಿಲ್ ಬರೆಯುತ್ತಲೇ, "ಬಾಡಿಗೆ ಬಿಡು ಮಾರಾಯ. ನಿನ್ನ ಮೆಟ್ಟಿಲು ಎಲ್ಲಿದೆ ಅಂತ ಯಾರಿಗಾದ್ರೂ ಕಾಣುತ್ತಾ?" ಅಂದರು. ಮಾರನೇ ದಿನದಿಂದ ಮೂರು ಬೆಳಿಗ್ಗೆ ಅವರ ಅಂಗಡಿಯ ಸ್ಟೂಲಿನ ಮೇಲೆ ಕೂತೆ. ಆಷಾಢದ ಮಳೆ. ಬೋರ್ಡ್ ನೋಡಿದವರು ತಲೆ ಎತ್ತುತ್ತಾರೆ, ಆ ಕಡೆ ಈ ಕಡೆ ನೋಡುತ್ತಾರೆ, ಮೆಟ್ಟಿಲಿನ ಮುಂದೆಯೇ ದಾಟಿ ಹೋಗುತ್ತಾರೆ. ಮೂರು ದಿನಕ್ಕೆ ಏಳು ಜನ ಶೆಟ್ರನ್ನು "ಮೇಲಕ್ಕೆ ಎಲ್ಲಿಂದ ಹೋಗೋದು?" ಅಂತ ಕೇಳಿದರು. ಬ್ಯಾಂಕ್ ಇದ್ದಾಗ ಬಾಗಿಲಲ್ಲಿ ಗಾರ್ಡ್ ನಿಲ್ಲುತ್ತಿದ್ದ, ಜನಕ್ಕೆ ಅವನೇ ಗುರುತು. ಈಗ ಅಲ್ಲಿ ಶೆಟ್ರ ನೋಟ್‌ಬುಕ್ ಡಬ್ಬಗಳು, ಉರಿಯದ ಬಲ್ಬು, ಮೂಲೆಯಲ್ಲಿ ಎಲೆಅಡಿಕೆ ಉಗುಳಿದ ಕೆಂಪು. ಮಳೆ ನೀರು ಬಿದ್ದು ನುಣುಪು ಕಲ್ಲು ಜಾರುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ನಾನು ಆ ಮೆಟ್ಟಿಲನ್ನು ಬಾಡಿಗೆದಾರರ ಕಣ್ಣಿಂದ ನೋಡಿಯೇ ಇರಲಿಲ್ಲ.

ಆಷಾಢದಲ್ಲಿ ನಮ್ಮ ಕಡೆ ಯಾರೂ ಹೊಸ ಅಂಗಡಿ ತೆರೆಯುವುದಿಲ್ಲ, ಹಾಗಾಗಿ ರಿಪೇರಿಗೆ ಅದಕ್ಕಿಂತ ಒಳ್ಳೆ ತಿಂಗಳಿಲ್ಲ. ಶ್ರಾವಣ ಹುಟ್ಟುವಷ್ಟರಲ್ಲಿ ಜಾಗ ತಯಾರಿರಬೇಕು. ಮೆಟ್ಟಿಲ ಕೆಳಗಿನ ಜಾಗಕ್ಕೆ ಸಣ್ಣ ಶಟರ್ ಹಾಕಿಸಿ ಶೆಟ್ರಿಗೇ ಕೊಟ್ಟೆ, ಡಬ್ಬ ಒಳಗೆ ಹೋದವು. ಮೆಟ್ಟಿಲ ಅಂಚಿಗೆ ಕಾಲು ಜಾರದ ಪಟ್ಟಿ, ಎರಡೂ ಕಡೆ ಕೈಹಿಡಿ, ಮಳೆಗೆ ಮುಂದೆ ಒಂದು ಶೀಟು, ಲೈಟು. ಹೆಸರಿನ ಬೋರ್ಡನ್ನು ಮೇಲಿಂದ ಇಳಿಸಿ ಮೆಟ್ಟಿಲ ಪಕ್ಕ, ನಡೆಯುವವರ ಕಣ್ಣಿನ ಮಟ್ಟಕ್ಕೆ ಹಾಕಿಸಿದೆ. ಒಟ್ಟು 62,000 ಖರ್ಚು. ಒಂದು ತಿಂಗಳ ಬಾಡಿಗೆಗಿಂತ ಸ್ವಲ್ಪ ಜಾಸ್ತಿ, ಅಷ್ಟೆ.

ಆಮೇಲೆ ಬ್ರೋಕರುಗಳನ್ನು ಬಿಟ್ಟು ನಾನೇ ಬೀದಿ ತಿರುಗಿದೆ, ಬರೀ ಮೇಲೆ ನೋಡುತ್ತಾ. ಮೊದಲ ಮಹಡಿಯಲ್ಲಿ ಈಗಾಗಲೇ ಯಾರಿದ್ದಾರೆ, ಯಾರಿಗೆ ಜಾಗ ಸಾಲುತ್ತಿಲ್ಲ? ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೆ ಹೋಗುವ ಕಾರುಗಳಿಂದ ಊರು ತುಂಬುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ. ಆ ಜನ ನಮ್ಮ ಮೆಟ್ಟಿಲು ಹತ್ತುವುದಿಲ್ಲ. ಹತ್ತುವವರು ಕೆಲಸ ಇಟ್ಟುಕೊಂಡು ಬರುವವರು, ಸೋಮವಾರದಿಂದ ಶುಕ್ರವಾರದವರೆಗಿನವರು. ಎದುರು ಸಾಲಿನಲ್ಲಿ ಒಬ್ಬ ಆಡಿಟರ್ ಆಫೀಸಿನ ಫೈಲ್ ರ‍್ಯಾಕ್ ಹೊರಗಿನ ಪ್ಯಾಸೇಜಿಗೆ ಬಂದಿತ್ತು. ಅವರೇ ನನ್ನ ಮೊದಲ ಬಾಡಿಗೆದಾರರು, 500 ಚದರ ಅಡಿಗೆ. ಗೋಡೆ, ವೈರಿಂಗ್ ಕೆಲಸಕ್ಕೆ ಅಂತ ಒಂದೂವರೆ ತಿಂಗಳು ಬಾಡಿಗೆ ಬಿಟ್ಟೆ. ರೇಟ್ ಇಳಿಸುವುದಕ್ಕಿಂತ ಇದು ಮೇಲು. ಇಳಿಸಿದ ರೇಟಿನ ಮೇಲೆಯೇ ಮುಂದಿನ ವರ್ಷಗಳ ಏರಿಕೆ ಲೆಕ್ಕ ಆಗುತ್ತೆ ನೋಡಿ.

ಹಾಲನ್ನು ಹತ್ತು ಸಣ್ಣ ಗೂಡು ಮಾಡಿ, ಜಾಸ್ತಿ ಬಾಡಿಗೆ ಬರುತ್ತೆ ಅಂತ ಸುಮಾರು ಜನ ಹೇಳಿದರು. ವಕೀಲರು ಬೇಡ ಅಂದರು. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ದೊಡ್ಡ ವಾಣಿಜ್ಯ ಜಾಗಗಳಿಗೆ ಅನ್ವಯಿಸುವುದಿಲ್ಲ, ಆದರೆ 14 ಚದರ ಮೀಟರ್ ಒಳಗಿನ ಅಂಗಡಿಗಳಿಗೆ ಅನ್ವಯಿಸುತ್ತದೆ. ಅಂದರೆ ಸುಮಾರು 150 ಚದರ ಅಡಿ. ಅಷ್ಟು ಸಣ್ಣ ಗೂಡು ಕೊಟ್ಟರೆ ಆ ಕಾಯ್ದೆಯ ಕಟ್ಟುಪಾಡು ಮೈಮೇಲೆ ಬರುತ್ತದೆ. ಮೂರೇ ಭಾಗ ಮಾಡಿದೆ.

ಇನ್ನು ಸ್ಟ್ರಾಂಗ್ ರೂಮ್. ಆಡಿಟರ್ ಹತ್ತಿರ ಲೆಕ್ಕ ತೋರಿಸಲು ಬರುತ್ತಿದ್ದ ಒಬ್ಬ ಕಾಫಿ ವ್ಯಾಪಾರಿ, ಮೂವತ್ತರ ಹುಡುಗ, ಒಂದು ದಿನ ಆ ತೂತಿನೊಳಗೆ ಇಣುಕಿ ನೋಡಿದ. ಒಳಗೆ ಹೋಗಿ ಗೋಡೆಗೆ ಅಂಗೈ ಒತ್ತಿ ನಿಂತ. "ಸಾರ್, ಇದು ಜೂನ್-ಜುಲೈನಲ್ಲೂ ಹಿಂಗೇ ಒಣಗಿರುತ್ತಾ?" ಅಂದ. ಹೊರಗೋಡೆಗೆ ತಾಗಿಲ್ಲ, ಸೋರಿದ್ದು ನಾನು ನೋಡಿಲ್ಲ ಅಂದೆ. ಅವನ ತಲೆನೋವು ಅದೇ. ಕಾಫಿ ಬೀಜದ ತೇವಾಂಶ ಹತ್ತು-ಹನ್ನೊಂದು ಪರ್ಸೆಂಟಿನಲ್ಲಿ ನಿಲ್ಲಬೇಕು, ನಮ್ಮ ಮಳೆಗಾಲದ ಗಾಳಿಗೆ ಬೀಜ ತೇವ ಎಳೆದುಕೊಂಡು ಬಣ್ಣ ಕೆಡುತ್ತದೆ. ಕಿಟಕಿ ಇಲ್ಲದ ಕೋಣೆಯಲ್ಲಿ ತೇವ ಹೀರುವ ಮಷೀನು ಇಟ್ಟರೆ ಸ್ಯಾಂಪಲ್ ಚೀಲಗಳು ಕೆಡುವುದಿಲ್ಲ. ತಿಜೋರಿಗಳ ಭಾರ ಹೊತ್ತ ನೆಲ, ಕೆಲವು ಚೀಲ ಯಾವ ಲೆಕ್ಕ ಅಂದರು ಎಂಜಿನಿಯರ್. ಎಲ್ಲರೂ ಒಡೆಸಿ ಅಂದ ಕೋಣೆಗೆ ಅವನು ಚದರ ಅಡಿಗೆ 24 ಕೊಟ್ಟ. 2024ರ ನವೆಂಬರ್, ಕೊಯ್ಲಿಗೆ ಮುಂಚೆ. ಹೊರಗಿನ ಭಾಗ ಸೇರಿ 700 ಚದರ ಅಡಿ.

ಅವನ ಜೊತೆ ಒಂದೇ ಒಂದು ಸಲ ಮಾತು ಎಳೆದಾಡಿದ್ದು ಜಿಎಸ್‌ಟಿಗೆ. ನನ್ನ ಒಟ್ಟು ಬಾಡಿಗೆ ವರ್ಷಕ್ಕೆ 20 ಲಕ್ಷದ ಒಳಗೆ, ಹಾಗಾಗಿ ನನಗೆ ಜಿಎಸ್‌ಟಿ ನೋಂದಣಿ ಇಲ್ಲ. ಆದರೆ 2024ರ ಅಕ್ಟೋಬರ್ 10ರಿಂದ, ನೋಂದಣಿ ಇಲ್ಲದ ಮಾಲೀಕರಿಂದ ವಾಣಿಜ್ಯ ಜಾಗ ಹಿಡಿಯುವ ನೋಂದಾಯಿತ ವ್ಯಾಪಾರಿ 18 ಪರ್ಸೆಂಟ್ ತೆರಿಗೆಯನ್ನು ತಾನೇ ಸರ್ಕಾರಕ್ಕೆ ಕಟ್ಟಬೇಕು. ಅದು ನನ್ನ ಜೇಬಿಗೆ ಬರುತ್ತೆ ಅಂತ ಅವನು ತಿಳಿದಿದ್ದ. ಆಡಿಟರ್ ಗೋಡೆಯಾಚೆಯಿಂದ ಬಂದು ಬಿಡಿಸಿ ಹೇಳಿದರು. ಕರಾರು ಐದು ವರ್ಷಕ್ಕೆ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಿದೆವು. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ಖಾಲಿ ಮಾಡುವಾಗ ಏನೇನು ಒಡೆದು ಸರಿಮಾಡಿ ಕೊಡಬೇಕು ಅಂತ ಈ ಸಲ ಪೂರ್ತಿ ಒಂದು ಪುಟ ಬರೆಸಿದ್ದೇನೆ.

ಉಳಿದ 800 ಚದರ ಅಡಿಗೆ ಹೊಲಿಗೆ ಕ್ಲಾಸ್ ಬಂತು. ಬಳೆ ಅಂಗಡಿ ಅಕ್ಕನೇ ಕರೆತಂದದ್ದು, ಕಮಿಷನ್ ಇಲ್ಲ. ಪ್ಯಾಸೇಜು, ಶೌಚಾಲಯಕ್ಕೆ 400 ಚದರ ಅಡಿ ಹೋಯಿತು. ಮೂವರದ್ದೂ ಸೇರಿ 45,800 ಬರುತ್ತದೆ, ಬ್ಯಾಂಕಿಗಿಂತ 7,000 ಕಡಿಮೆ. ಒಬ್ಬರು ಹೋದರೆ ಇನ್ನಿಬ್ಬರು ಇರುತ್ತಾರೆ ಅಂತ ಧೈರ್ಯ.

ಈಗಿನ ಜಗಳ ಮೆಟ್ಟಿಲ ಲೈಟಿನದ್ದು. ಆಡಿಟರ್ ಆಫೀಸಿನ ಹುಡುಗ ಆರೂವರೆಗೆ ಹೋಗುವಾಗ ಆರಿಸಿ ಹೋಗುತ್ತಾನೆ, ಹೊಲಿಗೆ ಕ್ಲಾಸಿನ ಹೆಣ್ಣುಮಕ್ಕಳು ಎಂಟಕ್ಕೆ ಇಳಿಯುವಾಗ ಕತ್ತಲು. ಹೋದ ವಾರ ಟೈಮರ್ ತಂದಿದ್ದೇನೆ, ಎಲೆಕ್ಟ್ರಿಷಿಯನ್ ಇನ್ನೂ ಬಂದಿಲ್ಲ.