ಅವರೆಕಾಲದಲ್ಲಿ ಹಾಲು-ಮೊಸರು ಬಿಟ್ಟೆವು

ಹಾಲು, ಮೊಸರು, ತುಪ್ಪ ಇಲ್ಲದೆ ಅಡುಗೆ ಮಾಡಿ ನೋಡಬೇಕು ಅಂತಿದ್ದರೆ ನಮ್ಮ ಬೆಂಗಳೂರು ಕಡೆಯವರಿಗೆ ಜನವರಿಯಂಥ ತಿಂಗಳು ಇನ್ನೊಂದಿಲ್ಲ. ನಾನು ಶುರು ಮಾಡಿದ್ದೂ ಹೊಸ ವರ್ಷಕ್ಕೇ. ಮಾರ್ಕೆಟ್ ತುಂಬ ಸೊಗಡವರೆ, ತಾರಸಿ ಮೇಲೆ ಮೆಂತ್ಯ, ಮೂಲಂಗಿ, ನವಿಲುಕೋಸು. ತರಕಾರಿಗೆ ಇಷ್ಟು ರುಚಿ ಇರುವ ಕಾಲದಲ್ಲಿ ತುಪ್ಪದ ನೆನಪೇ ಕಡಿಮೆ.

ಬಾದಾಮಿ ಹಾಲು, ತೋಫು ಅಂತ ಅಂಗಡಿಗೆ ಹೋಗುವ ಅಗತ್ಯ ನನಗೆ ಬೀಳಲಿಲ್ಲ. ಬಸ್ಸಾರು, ಮಸ್ಸೊಪ್ಪು, ಉಪ್ಸಾರು, ಮುದ್ದೆ, ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಇವುಗಳಲ್ಲಿ ಯಾವುದಕ್ಕೂ ಒಂದು ಹನಿ ಹಾಲು ಬೇಡ. ಮೊದಲ ವಾರ ಇವಿಷ್ಟನ್ನೇ ಮಾಡಿದೆ. ಒಗ್ಗರಣೆಗೆ ಕಡಲೆಕಾಯಿ ಎಣ್ಣೆ, ರೊಟ್ಟಿಗೆ ಬೆಣ್ಣೆ ಬದಲು ಹುಚ್ಚೆಳ್ಳು ಪುಡಿ.

ಹಿತಕಿದ ಬೇಳೆ ಸಾರಿನ ವಿಷಯ ಸ್ವಲ್ಪ ಜಾಸ್ತಿಯೇ ಹೇಳಬೇಕು. ರಾತ್ರಿ ಅವರೆಕಾಳನ್ನು ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಒಂದೊಂದೇ ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಸಿಪ್ಪೆಯಿಂದ ಪಟ್ಟನೆ ಜಾರಿ ಬರುತ್ತದೆ. ಮನೆಮಂದಿಯೆಲ್ಲ ಕೂತರೆ ಅರ್ಧ ಗಂಟೆ ಕೆಲಸ. ಮಸಾಲೆಗೆ ತೆಂಗಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಕೊತ್ತಂಬರಿ ಸೊಪ್ಪು, ಚೂರು ಚಕ್ಕೆ-ಲವಂಗ, ಒಂದು ಚಮಚ ಗಸಗಸೆ. ಗಸಗಸೆಯನ್ನು ಬಿಡಬೇಡಿ, ಸಾರಿಗೆ ಗಟ್ಟಿತನ ಬರುವುದೇ ಅದರಿಂದ. ಬೇಳೆ ಬೇಗ ಬೇಯುತ್ತದೆ. ಕುಕ್ಕರ್ ಬೇಡ, ಕರಗಿಹೋಗುತ್ತದೆ.

ನಿಜವಾಗಿ ಕಷ್ಟ ಆಗಿದ್ದು ಮೊಸರು. "ಮೊಸರನ್ನ ಇಲ್ದೆ ಊಟ ಮುಗಿಸೋದು ಹೇಗಮ್ಮ?" ಅಂತ ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಕಡಲೆಕಾಯಿ ಮೊಸರು ಮಾಡಿದೆ. ಒಂದು ಲೋಟ ಕಡಲೆಕಾಯಿ ಬೀಜ ರಾತ್ರಿ ನೆನೆಸಿ, ಸಿಪ್ಪೆ ತೆಗೆದು, ಮೂರು ಲೋಟ ನೀರು ಹಾಕಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಬೇಕು. ಆ ಹಾಲನ್ನು ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ಕುದಿಸಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಉಗುರುಬೆಚ್ಚಗಾದ ಮೇಲೆ ತೊಟ್ಟಿರುವ ನಾಲ್ಕೈದು ಹಸಿಮೆಣಸಿನಕಾಯಿ ಮುಳುಗಿಸಿ ಇಟ್ಟರೆ ಹೆಪ್ಪಾಗುತ್ತದೆ. ಮೊಸರು ಮಾಡುವ ಬ್ಯಾಕ್ಟೀರಿಯಾ ತೊಟ್ಟಿನಲ್ಲಿರುತ್ತವೆ. ಮುಂದಿನ ಸಲಕ್ಕೆ ಇದೇ ಮೊಸರು ಒಂದು ಚಮಚ ಸಾಕು. ಬೆಂಗಳೂರಿನ ಜನವರಿ ರಾತ್ರಿಯಲ್ಲಿ ಚಳಿ 15 ಡಿಗ್ರಿ ಹತ್ತಿರ ಇಳಿಯುತ್ತದಲ್ವಾ, ಹಾಗಾಗಿ ಪಾತ್ರೆಯನ್ನು ದಪ್ಪ ಟವೆಲ್‌ನಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಇಡುತ್ತೇನೆ. ಅನ್ನಕ್ಕೆ ಕಲಸಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟರೆ ಅತ್ತೆಯೂ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ.

ಸಂಕ್ರಾಂತಿ ಸುಲಭ. ಎಳ್ಳು, ಬೆಲ್ಲ, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಎಲ್ಲವೂ ಗಿಡದ್ದೇ. ಸಕ್ಕರೆ ಅಚ್ಚಿನ ಪಾಕಕ್ಕೆ ಮಾತ್ರ ಕೊಳೆ ತೆಗೆಯಲು ಹಾಲು ಹಾಕುತ್ತಾರೆ, ಅದನ್ನು ಬಿಟ್ಟು ಪಾಕ ಸೋಸಿದೆ. ಸಿಹಿ ಹುಗ್ಗಿಗೆ ತೆಂಗಿನ ಹಾಲು.

ಒಂದು ಮಾತನ್ನು ಎಲ್ಲರಿಗೂ ಹೇಳುತ್ತೇನೆ. ವಿಟಮಿನ್ ಬಿ12 ಸೊಪ್ಪು-ಕಾಳಿನಿಂದ ಸಿಗುವುದಿಲ್ಲ. ಹಾಲನ್ನೂ ಬಿಟ್ಟರೆ ಮಾತ್ರೆ ಬೇಕೇ ಬೇಕು, ವೈದ್ಯರನ್ನು ಕೇಳಿ ಶುರು ಮಾಡಿ. ಕ್ಯಾಲ್ಸಿಯಂ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಇದೆ, ಎಳ್ಳಿನಲ್ಲಿ ಇನ್ನೂ ಜಾಸ್ತಿ.

ಇನ್ನು ತಾರಸಿ. ಗ್ರೋ ಬ್ಯಾಗಿಗೆ ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಎರೆಹುಳು ಗೊಬ್ಬರ ಸಮಸಮ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಹೊಸಬರು ಮೆಂತ್ಯದಿಂದ ಶುರು ಮಾಡಿ ಅಂತಲೇ ನನ್ನ ಸಲಹೆ. ಅಡುಗೆಮನೆ ಡಬ್ಬದ ಮೆಂತ್ಯವೇ ಆಗುತ್ತದೆ. ರಾತ್ರಿ ನೆನೆಸಿ ಚೆಲ್ಲಿ ತೆಳ್ಳಗೆ ಮಣ್ಣು ಮುಚ್ಚಿದರೆ ಮೂರ್ನಾಲ್ಕು ವಾರಕ್ಕೆ ಸೊಪ್ಪು. ಕೊತ್ತಂಬರಿ ಬೀಜವನ್ನು ಮೊದಲು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಬೇಕು. ಚಳಿಗೆ ಮೊಳಕೆ ಬರಲು ಹತ್ತು ದಿನವಾದರೂ ಬೇಕು, ಸುಮ್ನೆ ಕೆದಕಬೇಡಿ. ಮೂಲಂಗಿ 45 ದಿನಕ್ಕೆ ಸಿಗುತ್ತದೆ, ಅದರ ಎಲೆ ಬಸ್ಸಾರಿಗೆ. ನೀರು ಬೆಳಿಗ್ಗೆಯೇ ಹಾಕಿ. ಸಂಜೆ ಎಲೆ ಒದ್ದೆಯಾದರೆ ರಾತ್ರಿಯೆಲ್ಲ ಹಾಗೇ ಇದ್ದು ರೋಗ ಹಿಡಿಯುತ್ತದೆ.

ಅವರೆ ಬಳ್ಳಿಯನ್ನು ಮಾತ್ರ ಜನವರಿಯಲ್ಲಿ ಹಾಕಿ ಪ್ರಯೋಜನವಿಲ್ಲ. ನಾಟಿ ಅವರೆ ಹಗಲು ಚಿಕ್ಕದಾದಾಗಲೇ ಹೂ ಬಿಡುವುದು. ಅದಕ್ಕೇ ಆಗಸ್ಟ್ ಹೊತ್ತಿಗೆ ಬೀಜ ಊರುತ್ತೇನೆ, ಸಂಕ್ರಾಂತಿಗೆ ಕಾಯಿ ಕೀಳುತ್ತೇನೆ. ವರ್ಷವಿಡೀ ಬೇಕು ಅನ್ನುವವರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿವೆ, ಅವಕ್ಕೆ ಹಗಲಿನ ಲೆಕ್ಕವಿಲ್ಲ. ನನಗೆ ನಾಟಿಯೇ ಇಷ್ಟ. ಕಾಯಿ ಕಿತ್ತ ಕೈಗೆ ಅಂಟುವ ಆ ಸೊಗಡಿಗಾಗಿಯೇ ಬಳ್ಳಿ ಹಬ್ಬಿಸುವುದು. ಕುಡಿಗೆ ಕಪ್ಪು ಹೇನು ಮುತ್ತಿದರೆ ಮೊದಲು ಪೈಪಿನ ನೀರು ಜೋರಾಗಿ ಬಿಟ್ಟು ಉದುರಿಸಿ. ಮತ್ತೆ ಬಂದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪು ನೀರು ಬೆರೆಸಿ ಸಂಜೆ ಸಿಂಪಡಿಸಿ.

ಈಗ ಬಳ್ಳಿಯ ಬುಡದ ಹತ್ತಿರದ ದಪ್ಪ ಕಾಯಿಗಳನ್ನು ಕೀಳದೆ ಬಿಟ್ಟಿದ್ದೇನೆ. ಫೆಬ್ರವರಿಯಲ್ಲಿ ಒಣಗಿದ ಮೇಲೆ ಬಿಡಿಸಿ, ಬೂದಿ ಬೆರೆಸಿ ಡಬ್ಬಕ್ಕೆ ಹಾಕುತ್ತೇನೆ. ಪಕ್ಕದ ಮನೆಯವರು ಒಂದು ಹಿಡಿ ಬೀಜ ಈಗಲೇ ಕೇಳಿಟ್ಟಿದ್ದಾರೆ.