ಚಂದ್ರಶಿಲೆಯಲ್ಲಿ ಇರಿಡಿಯಂ ಅಳೆಯುವುದು: ಚಿಕ್ಕಬಳ್ಳಾಪುರದ ಗ್ರಾನೈಟ್‌ನಿಂದ ಶುರುಮಾಡಿ

ಚಂದ್ರನಿಗೆ ಹಿಂದೆ ಅಪ್ಪಳಿಸಿದ ಕಾಯ ಯಾವ ಬಗೆಯದು ಎಂದು ತಿಳಿಯಲು ಇರಿಡಿಯಂ, ರುಥೇನಿಯಂ, ಆಸ್ಮಿಯಂ, ಪ್ಲಾಟಿನಂ, ಪಲ್ಲೇಡಿಯಂ ಅಳೆಯಬೇಕು. ಕಬ್ಬಿಣಕ್ಕೆ ಅಂಟಿಕೊಳ್ಳುವ ಈ ಲೋಹಗಳು ಚಂದ್ರ ರೂಪುಗೊಳ್ಳುವಾಗಲೇ ಬಹುಪಾಲು ಒಳಗಿನ ತಿರುಳಿಗೆ ಇಳಿದವು. ಮೇಲ್ಪದರದ ಕಲ್ಲಿನಲ್ಲಿ ಎದ್ದು ಕಂಡರೆ ಅವು ಹೊರಗಿನಿಂದ ಬಂದವು. ಕೋಲಾರದ ಚಿನ್ನದ ಗಣಿಯವರ ಲೆಕ್ಕ ಟನ್ನಿಗೆ ಗ್ರಾಂ ಆಗಿತ್ತು. ಇಲ್ಲಿ ಟನ್ನಿಗೆ ಮಿಲಿಗ್ರಾಂ, ಅಂದರೆ ಪಿಪಿಬಿ (ನೂರು ಕೋಟಿಯಲ್ಲಿ ಒಂದು ಪಾಲು).

ಕೆಲಸ ಹೆಚ್ಚಾಗಿ ಕೆಡುವುದು ಕುಟ್ಟುವಾಗ. ಮೊದಲು ಚಿಕ್ಕಬಳ್ಳಾಪುರದ ಕ್ವಾರಿಯ ಗ್ರಾನೈಟ್ ಚಕ್ಕೆಯಲ್ಲಿ ಕೈ ಪಳಗಲಿ. ಬಿಸಿಲು ಮಳೆಗೆ ಕಂದಿದ ಮೇಲ್ಮೈ ಬೇಡ. ಡ್ರಿಲ್ ಗೀರು ಬಿದ್ದ ಬದಿಯೂ ಬೇಡ. ಬಿಟ್‌ನ ಟಂಗ್‌ಸ್ಟನ್, ಕೋಬಾಲ್ಟ್ ಅಲ್ಲಿ ಮೆತ್ತಿರುತ್ತದೆ. ಉಕ್ಕಿನ ಕುಟ್ಟಾಣಿ ಬಿಟ್ಟು ಅಗೇಟ್ ಎಂಬ ಗಟ್ಟಿ ಕಲ್ಲಿನದು ಬಳಸಿ, ಪ್ರತಿ ಸಲವೂ ಶುದ್ಧ ಕ್ವಾರ್ಟ್ಜ್ ಮರಳು ಅರೆದು ತೊಳೆಯಿರಿ. ಉಂಗುರ ಬಿಚ್ಚಿಡಿ: ಕೆಲವು ಪ್ಲಾಟಿನಂ ಒಡವೆಗಳಲ್ಲಿ ಗಟ್ಟಿತನಕ್ಕೆ ಇರಿಡಿಯಂ ಬೆರೆಸಿರುತ್ತಾರೆ. ಗ್ರಾನೈಟ್ ಪುಡಿಯಲ್ಲಿ 1 ಪಿಪಿಬಿ ಇರಿಡಿಯಂ ಬಂತೆಂದರೆ ಮೊದಲು ನಿಮ್ಮ ಸಲಕರಣೆಯನ್ನೇ ಅನುಮಾನಿಸಿ.

ಚಂದ್ರನ ಮಣ್ಣಿಗೆ ಸೂಕ್ಷ್ಮ ಉಲ್ಕೆಗಳು ಇಂದಿಗೂ ಬೀಳುತ್ತಿವೆ. ಆದ್ದರಿಂದ ಹಳೆಯ ಹೊಡೆತಕ್ಕೆ ಕರಗಿ ಗಟ್ಟಿಯಾದ ಕಲ್ಲನ್ನೇ ಆರಿಸಿ. ಒಂದೇ ಕಲ್ಲಿನ ಐದಾರು ಚೂರುಗಳನ್ನು ಬೇರೆಬೇರೆಯಾಗಿ ಅಳೆಯಿರಿ. ಲೋಹದ ಕಣಗಳು ಒಂದರಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಇರುತ್ತವೆ. ಈ ಏರುಪೇರೇ ಮುಂದೆ ಬೇಕಾಗುವುದು. ಪುಡಿ ಕರಗಿಸಲು ಆಸಿಡ್ ಹಾಕಿ ಗಾಜಿನ ನಳಿಕೆ ಮುಚ್ಚಿ ಕಾಯಿಸುವ ಮೊದಲೇ ಐಸೋಟೋಪ್ ಸ್ಪೈಕ್ (ಅದೇ ಲೋಹದ ಒಂದು ಐಸೋಟೋಪ್ ಹೆಚ್ಚಿರುವ, ಅಳತೆ ಗೊತ್ತಿರುವ ದ್ರಾವಣ) ಸೇರಿಸಿ. ಆಮೇಲೆ ಸೇರಿಸಿದರೆ ಅಷ್ಟರಲ್ಲಿ ಆದ ನಷ್ಟ ಲೆಕ್ಕಕ್ಕೆ ಸಿಗದು. ಆಸ್ಮಿಯಂ ಆಕ್ಸೈಡ್ ಆವಿಯಾಗುತ್ತದೆ, ವಿಷ ಕೂಡ. ನಳಿಕೆಯನ್ನು ಚೆನ್ನಾಗಿ ತಣಿಸಿ, ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಪೆಟ್ಟಿಗೆ) ಒಳಗೇ ತೆರೆಯಿರಿ.

ಕಲ್ಲು ಸಿಗದವರು ಅಪೊಲೊ ಶಿಲೆಗಳ ಪ್ರಕಟಿತ ಅಂಕಿಗಳೊಂದಿಗೆ ಇಲ್ಲಿಂದ ಶುರುಮಾಡಬಹುದು. ಅಡ್ಡಕ್ಕೆ ಇರಿಡಿಯಂ, ಉದ್ದಕ್ಕೆ ರುಥೇನಿಯಂ ಇಟ್ಟು ಗ್ರಾಫ್ ಎಳೆಯಿರಿ. ಗೆರೆಯ ಇಳಿಜಾರೇ ಬಡಿದ ಕಾಯದಲ್ಲಿ ಇರಿಡಿಯಂಗೆ ರುಥೇನಿಯಂನ ಅನುಪಾತ. ಸಾಮಾನ್ಯ ಕಾಂಡ್ರೈಟ್‌ಗಳಲ್ಲಿ (ಪೂರ್ತಿ ಕರಗದೆ ಉಳಿದ ಕಲ್ಲಿನ ಉಲ್ಕೆಗಳು) ಅದು ಸುಮಾರು 1.5. ಇರಿಡಿಯಂ ಸೊನ್ನೆಯಾದಲ್ಲಿ ಗೆರೆ ತೋರುವುದು ಚಂದ್ರನ ಸ್ವಂತ ಪಾಲು. ಬಿಂದುಗಳು ಒಂದೇ ಗೆರೆಗೆ ಕೂರದಿದ್ದರೆ ಎರಡು ಕಾಯಗಳ ಬೆರಕೆ ಇರಬಹುದು. ಅನುಪಾತ ಕಾಂಡ್ರೈಟ್‌ಗೆ ಹೊಂದಿದ ಮೇಲಷ್ಟೇ ಪ್ರಮಾಣದ ಲೆಕ್ಕ: ಸಿಐ ಎಂಬ ಬಗೆಯ ಕಾಂಡ್ರೈಟ್‌ನಲ್ಲಿ ಇರಿಡಿಯಂ ಸುಮಾರು 460 ಪಿಪಿಬಿ, ಹಾಗಾಗಿ ಕಲ್ಲಿನ 4.6 ಪಿಪಿಬಿ ಎಂದರೆ ಶೇ 1ರಷ್ಟು ಉಲ್ಕಾದ್ರವ್ಯ. ಕಬ್ಬಿಣದ ಉಲ್ಕೆಯಾದರೆ ಈ ಲೆಕ್ಕ ನಡೆಯದು.

ಚಿನ್ನವೊಂದನ್ನೇ ನಂಬಬೇಡಿ. ಕೋಲಾರದ ಚಿನ್ನವನ್ನು ತಂದು ಬಿಟ್ಟದ್ದು ಬಿರುಕುಗಳಲ್ಲಿ ಹರಿದ ಬಿಸಿನೀರು, ಉಲ್ಕೆಯಲ್ಲ. ಚಂದ್ರನಲ್ಲೂ ಚಿನ್ನ ಬಿಸಿಗೆ ಇರಿಡಿಯಂಗಿಂತ ಸುಲಭವಾಗಿ ಆವಿಯಾಗುತ್ತದೆ.

ಈ ಅನುಪಾತ ಹೊಡೆತದ ವಯಸ್ಸು ಹೇಳದು. ಪುಡಿ ಮಾಡುವ ಮುನ್ನವೇ ಅದೇ ಕಲ್ಲಿನ ಒಂದು ಚೂರನ್ನು ವಯಸ್ಸು ತಿಳಿಸುವ ಆರ್ಗಾನ್ ಪರೀಕ್ಷೆಗೆ ಎತ್ತಿಡಿ.