ನಿಲ್ಲದ ಒಣಕೆಮ್ಮು: ಕಾರಣ ಹುಡುಕುವ ಬಗೆ

ಕೆಮ್ಮು 2 ವಾರ ದಾಟಿತೆಂದರೆ ಮೊದಲು ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ತಪಾಸಣೆ ಉಚಿತ. ದೊಡ್ಡವರಲ್ಲಿ 8 ವಾರ ಮೀರಿದರೆ ಅದು ದೀರ್ಘಕಾಲದ ಕೆಮ್ಮು: ಎದೆಯ ಎಕ್ಸ್‌ರೇ, ಸ್ಪೈರೋಮೆಟ್ರಿ (ಕೊಳವೆಯಲ್ಲಿ ಊದಿಸಿ ಶ್ವಾಸಕೋಶದ ಬಲ ಅಳೆಯುವ ಪರೀಕ್ಷೆ) ಬೇಕು. ಬಿಪಿ ಮಾತ್ರೆಯ ಚೀಟಿ ಮರೆಯದೆ ಒಯ್ಯಿರಿ. ಎನಾಲಾಪ್ರಿಲ್, ರಾಮಿಪ್ರಿಲ್ ಎಂಬ ಬಿಪಿ ಮಾತ್ರೆಗಳು ಕೆಲವರಿಗೆ ಒಣಕೆಮ್ಮು ತರುತ್ತವೆ. ವೈದ್ಯರು ಮಾತ್ರೆ ಬದಲಿಸಿದ ಮೇಲೂ ಅದು ಅಡಗಲು 4 ವಾರ, ಒಮ್ಮೊಮ್ಮೆ 3 ತಿಂಗಳು ಹಿಡಿಯುತ್ತದೆ. ನೀವಾಗಿಯೇ ನಿಲ್ಲಿಸಬೇಡಿ.

ಅಸ್ತಮಾ, ಮೂಗಿನ ತೊಂದರೆ, ಹುಳಿತೇಗಿಗೆ ಸರಿಯಾಗಿ ಔಷಧ ಮಾಡಿದರೂ ಕೆಮ್ಮು ಉಳಿದರೆ, ಕೆಮ್ಮಿನ ನರವೇ ಅತಿಸೂಕ್ಷ್ಮವಾಗಿರಬಹುದು. ಕಲಬುರಗಿಯ ದಾಲ್‌ಮಿಲ್ ಧೂಳಿಗೆ ಯಾರಾದರೂ ಕೆಮ್ಮಿಯಾರು. ನರ ಅತಿಸೂಕ್ಷ್ಮವಾದವರಿಗೆ ಪಕ್ಕದ ಮನೆಯ ಒಗ್ಗರಣೆ ಘಾಟು, ಊದುಬತ್ತಿ, ತಣ್ಣನೆ ಗಾಳಿ, ಜೋರು ನಗು, ಫೋನಿನಲ್ಲಿ ಹತ್ತು ನಿಮಿಷದ ಮಾತೇ ಸಾಕು. ಗಂಟಲಲ್ಲಿ ಕಚಗುಳಿ ಏಳುತ್ತದೆ, ಕಫ ಮಾತ್ರ ಬರುವುದಿಲ್ಲ.

ಇದನ್ನು ಖಚಿತಪಡಿಸುವ ಒಂದೇ ರಕ್ತಪರೀಕ್ಷೆ ಇಲ್ಲ. ಹಾಗಾಗಿ 2 ವಾರ ಬರೆದಿಡಿ: ಎಷ್ಟು ಗಂಟೆಗೆ, ಏನು ಮಾಡುವಾಗ, ಯಾವ ವಾಸನೆಗೆ. ಸಿರಪ್ ಬಾಟಲಿ ಬದಲಿಸುವುದಕ್ಕಿಂತ ಈ ಹಾಳೆ ಹೆಚ್ಚು ಹೇಳುತ್ತದೆ. ಕಚಗುಳಿ ಎದ್ದೊಡನೆ ನೀರು ಗುಟುಕರಿಸಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರಾಡಿ. ಸ್ಪೀಚ್ ಥೆರಪಿಸ್ಟ್ ಕಲಿಸುವುದೂ ಇಂಥದ್ದೇ.

ಕಫದಲ್ಲಿ ರಕ್ತ, ತೂಕ ಇಳಿಕೆ, ಜ್ವರ, ಏದುಸಿರು ಕಂಡರೆ ಹಾಳೆ ತುಂಬುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಿ.